ಟ್ವೈನ್: ಕೊಂಡಿ ಕವಿತೆ ಕಟ್ಟುವ ಬಿಟ್ಟಿ ಸಲಕರಣೆ ಕನ್ನಡಕ್ಕೆ ಎಷ್ಟು ಒಗ್ಗುತ್ತದೆ

ಒಂದು ಪದ ಒತ್ತಿದರೆ ಕವಿತೆ ಒಂದು ದಾರಿ ಹಿಡಿಯುತ್ತದೆ, ಪಕ್ಕದ ಪದ ಒತ್ತಿದರೆ ಇನ್ನೊಂದು. ಮೊದಲ ಓದಿನಲ್ಲಿ ಕಂಡ ಸಾಲು ಎರಡನೇ ಓದಿನಲ್ಲಿ ಸಿಗದೇ ಹೋಗಬಹುದು. ಕೊಂಡಿ ಕವಿತೆ ಎಂದರೆ ಇಷ್ಟೇ, ಮತ್ತು ಇದು ಹೊಸದೇನೂ ಅಲ್ಲ. ಇಂಥ ಕೊಂಡಿ ಬರಹಕ್ಕೆ ಹೈಪರ್‌ಟೆಕ್ಸ್ಟ್ ಎಂಬ ಹೆಸರನ್ನು ಟೆಡ್ ನೆಲ್ಸನ್ 1965ರಲ್ಲೇ ಬಳಕೆಗೆ ತಂದರು. ಅಮೆರಿಕದ ಕೆಲವು ಕವಿಗಳು ವೆಬ್ಬು ಬರುವ ಮೊದಲೇ ಫ್ಲಾಪಿಯಲ್ಲಿ ಇಂಥ ಬರಹ ಹಂಚುತ್ತಿದ್ದರು. ಆಮೇಲೆ ವೆಬ್ಬಿನಲ್ಲಿ ಚಿತ್ರ, ಅಕ್ಷರ ಕುಣಿಸುವ ಫ್ಲ್ಯಾಶ್ ಎಂಬ ತಂತ್ರಾಂಶ ಬಂತು. 2020ರ ಡಿಸೆಂಬರ್ 31ಕ್ಕೆ ಅಡೋಬಿ ಫ್ಲ್ಯಾಶ್ ಪ್ಲೇಯರಿನ ಬೆಂಬಲ ನಿಲ್ಲಿಸಿದ ಮೇಲೆ ಆ ಕಾಲದ ಕವಿತೆಗಳು ಎಮ್ಯುಲೇಟರ್ (ಹಳೆಯ ತಂತ್ರಾಂಶವನ್ನು ಅನುಕರಿಸಿ ನಡೆಸುವ ಸಾಧನ) ಇಲ್ಲದೆ ತೆರೆಯುವುದಿಲ್ಲ. ವೆಬ್ ಪುಟ ಬರೆಯುವ ಸಂಕೇತಭಾಷೆಯಾದ ಎಚ್‌ಟಿಎಂಎಲ್ ಒಂದರಲ್ಲೇ ಕಟ್ಟಿದ ಸಪ್ಪೆ ಕೆಲಸಗಳೇ ಬದುಕಿ ಉಳಿದವು.

ಟ್ವೈನ್ ಬಗ್ಗೆ ಬರೆಯಲು ಅದೇ ಮುಖ್ಯ ಕಾರಣ. ಕ್ರಿಸ್ ಕ್ಲೈಮಸ್ 2009ರಲ್ಲಿ ಹೊರತಂದ ಈ ತಂತ್ರಾಂಶ ಕೊನೆಗೆ ಕೊಡುವುದು ಒಂದೇ ಒಂದು ಎಚ್‌ಟಿಎಂಎಲ್ ಕಡತ. ಬರೀ ಪಠ್ಯವಿದ್ದರೆ ಅದು ಒಂದು ಎಂಬಿಯನ್ನೂ ದಾಟುವುದಿಲ್ಲ. ಪೆನ್ ಡ್ರೈವಿನಲ್ಲಿ ಹಾಕಿಕೊಂಡು ಹೋಗಬಹುದು, ನೆಟ್ ಇಲ್ಲದೆಯೂ ತೆರೆಯಬಹುದು. ಬೆಲೆ ಇಲ್ಲ, ಜಾಹೀರಾತಿಲ್ಲ, ಖಾತೆ ತೆರೆಯಬೇಕಿಲ್ಲ. ಮೂಲ ಸಂಕೇತ ಮುಕ್ತ. ಕಟ್ಟಿದ ಕವಿತೆಯ ಮೇಲೆ ಅದಕ್ಕೆ ಯಾವ ಹಕ್ಕೂ ಇಲ್ಲ, ಮಾರಿದರೂ ಕೇಳುವವರಿಲ್ಲ. ಕಥೆ, ಆಟ ಕಟ್ಟುವವರಿಗೆಂದು ಹುಟ್ಟಿದ್ದು ಇದು, ಹಾಗಾಗಿ ಮೆನುವಿನ ತುಂಬ ಸ್ಟೋರಿ ಎಂಬ ಮಾತೇ. ಇಂಟರ್‌ಫೇಸ್ ಕನ್ನಡದಲ್ಲಿಲ್ಲ. ಧಾರವಾಡ, ಗದಗ, ಹಾವೇರಿ ಕಡೆ ಗೋಷ್ಠಿಯಲ್ಲಿ ಓದಿ ವಾಟ್ಸಾಪಿನಲ್ಲಿ ಹಂಚುವ ಕವಿಗೆ ಇದರಿಂದ ಏನು ಪ್ರಯೋಜನ, ಎಲ್ಲಿ ತೊಡಕು ಎಂಬುದಷ್ಟೇ ಇಲ್ಲಿನ ವಿಚಾರ.

ಟ್ವೈನ್ ಎರಡು ರೂಪದಲ್ಲಿ ಸಿಗುತ್ತದೆ: ಬ್ರೌಸರಿನಲ್ಲೇ ನಡೆಯುವುದು ಒಂದು, ವಿಂಡೋಸ್, ಮ್ಯಾಕ್, ಲಿನಕ್ಸ್‌ಗೆ ಇಳಿಸಿಕೊಳ್ಳುವುದು ಇನ್ನೊಂದು. ಸ್ವಂತ ಕಂಪ್ಯೂಟರ್ ಇದ್ದವರು ಎರಡನೆಯದನ್ನೇ ಹಾಕಿಕೊಳ್ಳಬೇಕು. ಬ್ರೌಸರ್ ರೂಪದಲ್ಲಿ ಬರೆದದ್ದು ಯಾವ ಸರ್ವರಿಗೂ ಹೋಗುವುದಿಲ್ಲ, ಆ ಕಂಪ್ಯೂಟರಿನ ಆ ಬ್ರೌಸರಿನ ಒಳಗೇ ಕೂತಿರುತ್ತದೆ. ಹಿಸ್ಟರಿ ಅಳಿಸುವಾಗ ಸೈಟ್ ಡೇಟಾಕ್ಕೂ ಟಿಕ್ ಬಿದ್ದರೆ ಕವಿತೆಯೂ ಹೋಯಿತು. ಇನ್‌ಕಾಗ್ನಿಟೊ ಕಿಟಕಿಯಲ್ಲಿ ಬರೆದರೆ ಮುಚ್ಚಿದ ಕೂಡಲೇ ಹೋಯಿತು. ಸಫಾರಿಯಲ್ಲಿ ಏಳು ದಿನ ಆ ಸೈಟಿನ ಕಡೆ ತಲೆ ಹಾಕದಿದ್ದರೂ ಅಳಿಸಿಹೋಗಬಹುದು. ಕಾಲೇಜಿನ ಲ್ಯಾಬು, ಸೈಬರ್ ಅಂಗಡಿಗಳಲ್ಲಿ ಇನ್ನೂ ಅಪಾಯ: ರೀಸ್ಟಾರ್ಟ್ ಮಾಡಿದಾಗಲೆಲ್ಲ ಡಿಸ್ಕನ್ನು ಮೊದಲಿನ ಸ್ಥಿತಿಗೆ ತಿರುಗಿಸುವ ತಂತ್ರಾಂಶ ಅಲ್ಲಿ ಹಲವು ಕಡೆ ಹಾಕಿರುತ್ತಾರೆ. ಅಲ್ಲಿ ಕೆಲಸ ಮಾಡಲೇಬೇಕಾದವರು ಏಳುವ ಮೊದಲು ಲೈಬ್ರರಿ ಮೆನುವಿನ ಆರ್ಕೈವ್ ಒತ್ತಿ, ಇಳಿದ ಕಡತವನ್ನು ತಮಗೇ ಮೇಲ್ ಮಾಡಿಕೊಳ್ಳಬೇಕು. ಮರುದಿನ ಇಂಪೋರ್ಟ್ ಒತ್ತಿದರೆ ಬಿಟ್ಟಲ್ಲಿಂದ ಮುಂದುವರಿಸಬಹುದು. ಇಳಿಸಿಕೊಂಡ ಟ್ವೈನ್ ಆದರೆ ಡಾಕ್ಯುಮೆಂಟ್ಸ್ ಒಳಗೆ ಟ್ವೈನ್ ಎಂಬ ಫೋಲ್ಡರ್ ಮಾಡಿ ಅಲ್ಲೇ ಇಡುತ್ತದೆ, ಹಳೆಯ ಪ್ರತಿಗಳನ್ನೂ ಪಕ್ಕದಲ್ಲಿ ಕಾಯ್ದಿಡುತ್ತದೆ.

ಕೆಲಸದ ರೀತಿ ಸರಳ. ಹೊಸ ಸ್ಟೋರಿ ತೆರೆದರೆ ಬಯಲಿನಂಥ ಪರದೆಯ ಮೇಲೆ ಒಂದು ಚೌಕ. ಅದಕ್ಕೆ ಪ್ಯಾಸೇಜ್ ಎನ್ನುತ್ತಾರೆ. ಕವಿಗೆ ಅದು ಒಂದು ನುಡಿ, ಒಂದು ಪದ್ಯಭಾಗ. ಚೌಕದ ಒಳಗೆ ಸಾಲು ಬರೆದು, ಒತ್ತಬೇಕಾದ ಪದವನ್ನು ಜೋಡಿ ಚೌಕಾವರಣದಲ್ಲಿಟ್ಟು, ಬಾಣದ ಗುರುತು ಹಾಕಿ, ಹೋಗಬೇಕಾದ ಪ್ಯಾಸೇಜಿನ ಹೆಸರು ಬರೆದರೆ ಕೊಂಡಿ ಸಿದ್ಧ:

[[ಮಳೆ->ಅಂಗಳ]]

ಓದುಗನಿಗೆ ಕಾಣುವುದು ಮಳೆ ಎಂಬ ಪದ ಮಾತ್ರ. ಒತ್ತಿದರೆ ಅಂಗಳ ಎಂಬ ಪ್ಯಾಸೇಜಿಗೆ ಹೋಗುತ್ತಾನೆ. ಆ ಹೆಸರಿನ ಪ್ಯಾಸೇಜ್ ಇಲ್ಲದಿದ್ದರೆ ಟ್ವೈನ್ ತಾನೇ ಹೊಸ ಚೌಕ ಹುಟ್ಟಿಸಿ ಎರಡರ ನಡುವೆ ಬಾಣ ಎಳೆಯುತ್ತದೆ. ಬಿಲ್ಡ್ ಮೆನುವಿನ ಪ್ಲೇ ಒತ್ತಿ ನೋಡುವುದು, ಪಬ್ಲಿಷ್ ಟು ಫೈಲ್ ಒತ್ತಿ ಇಳಿಸುವುದು. ಇಲ್ಲಿಯವರೆಗಿನದನ್ನು ಕಲಿಯಲು ಅರ್ಧ ತಾಸು ಸಾಕು.

ಹೊಸಬರು ಎಡವುವುದು ಲೆಕ್ಕದಲ್ಲಿ. ಪ್ರತಿ ಪ್ಯಾಸೇಜಿಗೆ ಮೂರು ಕೊಂಡಿ, ಪ್ರತಿಯೊಂದಕ್ಕೂ ಹೊಸ ಪ್ಯಾಸೇಜ್ ಎಂದು ಹೊರಟರೆ ನಾಲ್ಕು ಹಂತಕ್ಕೆ 1, 3, 9, 27 ಸೇರಿ 40 ಪ್ಯಾಸೇಜ್ ಬರೆಯಬೇಕು. ಐದನೇ ಹಂತಕ್ಕೆ 121. ಓದುಗ ಮಾತ್ರ ಒಂದು ಓದಿಗೆ ಐದನ್ನಷ್ಟೇ ನೋಡುತ್ತಾನೆ. ಬರೆದವರ ಉಸಿರು ಮೂರನೇ ಹಂತದಲ್ಲೇ ನಿಂತು, ಉಳಿದ ಟಿಸಿಲುಗಳು ಸೊರಗುತ್ತವೆ. ಅದರ ಬದಲು ಜಡೆ ಹೆಣೆಯಬೇಕು. ಮೊದಲಿಗೆ ಒಂದು ಪ್ಯಾಸೇಜ್, ಆಮೇಲೆ ಮೂರು ಸಾಲು, ಸಾಲಿಗೆ ಮೂರು ಪ್ಯಾಸೇಜ್. ಒಂದು ಸಾಲಿನ ಯಾವ ಪ್ಯಾಸೇಜಿನಿಂದಲೂ ಮುಂದಿನ ಸಾಲಿನ ಮೂರಕ್ಕೂ ದಾರಿ. ಬರೆಯುವುದು ಹತ್ತೇ ಪ್ಯಾಸೇಜ್, ಓದುವ ದಾರಿಗಳು 27. ಕಷ್ಟ ಇರುವುದು ಬೇರೆ ಕಡೆ: ಎರಡನೇ ಸಾಲಿನ ಪ್ರತಿ ನುಡಿಯೂ ಮೊದಲ ಸಾಲಿನ ಮೂರು ನುಡಿಗಳಲ್ಲಿ ಯಾವುದರ ಬೆನ್ನಿಗೆ ಬಂದರೂ ಅರ್ಥ ಕೊಡಬೇಕು. ‘ಅದು’, ‘ಆಕೆ’, ‘ಹಾಗಾಗಿ’ ಎಂದು ಶುರುವಾಗುವ ನುಡಿಗಳು ಇಲ್ಲಿ ಕೈಕೊಡುತ್ತವೆ, ಏಕೆಂದರೆ ಅವು ಹಿಂದಿನದನ್ನು ಬೆರಳು ಮಾಡಿ ತೋರಿಸುತ್ತವೆ. ಮೊದಲ ಪ್ರಯತ್ನಕ್ಕೆ ಒಂಬತ್ತರಿಂದ ಹನ್ನೆರಡು ಪ್ಯಾಸೇಜ್, ಒಂದೊಂದರಲ್ಲಿ ಎರಡರಿಂದ ನಾಲ್ಕು ಸಾಲು ಸಾಕು.

ಟ್ವೈನ್ ಒಳಗೆ ಬರೆದದ್ದು ಹೇಗೆ ಕಾಣಬೇಕು, ಹೇಗೆ ನಡೆಯಬೇಕು ಎಂದು ತೀರ್ಮಾನಿಸುವ ಸ್ಟೋರಿ ಫಾರ್ಮ್ಯಾಟ್ ಎಂಬ ಆಯ್ಕೆ ಇದೆ. ಹಾರ್ಲೋ, ಶುಗರ್‌ಕ್ಯೂಬ್, ಚಾಪ್‌ಬುಕ್, ಸ್ನೋಮ್ಯಾನ್ ಎಂದು ನಾಲ್ಕು. ಕವಿತೆಗೆ ಹಾರ್ಲೋ ಚಲೋ. ಬೇರೇನೂ ಆರಿಸದಿದ್ದರೆ ಬರುವುದೂ ಅದೇ. ಬರೆಯುವ ಕಿಟಕಿಯ ಮೇಲೆ ಗುಂಡಿಗಳ ಪಟ್ಟಿ ಇರುವುದರಿಂದ ಮ್ಯಾಕ್ರೊಗಳನ್ನು, ಅಂದರೆ ಆವರಣದೊಳಗೆ ಬರೆಯುವ ಪುಟ್ಟ ಆಜ್ಞೆಗಳನ್ನು, ಬಾಯಿಪಾಠ ಮಾಡಬೇಕಿಲ್ಲ, ಸಾಲು ಮುರಿದಲ್ಲಿ ಮುರಿದಂತೆಯೇ ಪರದೆಯ ಮೇಲೆ ಬರುತ್ತದೆ. ವೆಬ್ ಪುಟಗಳ ಪ್ರೋಗ್ರಾಮಿಂಗ್ ಭಾಷೆ ಜಾವಾಸ್ಕ್ರಿಪ್ಟ್ ಬಲ್ಲವರು ಶುಗರ್‌ಕ್ಯೂಬ್ ಹಿಡಿಯಬಹುದು. ಉಳಿದೆರಡನ್ನು ಕವಿಗಳು ಬಿಡಬಹುದು.

ಹಾರ್ಲೋದ ಮ್ಯಾಕ್ರೊಗಳಲ್ಲಿ ಕವಿಗೆ ಬೇಕಾದವು ನಾಲ್ಕೈದು. ಅದರಲ್ಲಿ ಸೈಕ್ಲಿಂಗ್-ಲಿಂಕ್ ಒಂದನ್ನೇ ಸರಿಯಾಗಿ ಕಲಿತರೂ ಹೊಟ್ಟೆ ತುಂಬುತ್ತದೆ. ಪುಟ ಬದಲಾಗುವುದಿಲ್ಲ, ಒತ್ತಿದ ಪದವೇ ಇನ್ನೊಂದು ಪದವಾಗುತ್ತದೆ, ಮತ್ತೆ ಒತ್ತಿದರೆ ಮೂರನೆಯದು, ಕೊನೆಗೆ ಮತ್ತೆ ಮೊದಲಿನದು. ದುಂಡು ಆವರಣದೊಳಗೆ ಇಂಗ್ಲಿಷ್ ಅಕ್ಷರದಲ್ಲಿ ಅದರ ಹೆಸರು, ಕೋಲನ್, ಆಮೇಲೆ ಉದ್ಧರಣ ಚಿಹ್ನೆಗಳಲ್ಲಿ ಪದಗಳು, ನಡುನಡುವೆ ಅಲ್ಪವಿರಾಮ. ಈ ಎರಡು ಸಾಲು ನೋಡಿ:

ಮಳೆಯು ನಿಂತಿತು ಹೊಲಕೆ ಹೊರಟೆವು
ಕೆಸರು ಮೆತ್ತಿದ ಕಾಲು ಸಾಕ್ಷಿಗೆ

ಗದುಗಿನ ಕುಮಾರವ್ಯಾಸನ ದಾರಿಯಿದು, ಭಾಮಿನಿಯ ಓಟ: ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆ. ‘ಹೊಲಕೆ’ ಎಂಬುದನ್ನು ಸುತ್ತುವ ಕೊಂಡಿ ಮಾಡಿ ‘ಮನೆಗೆ’, ‘ಕೆರೆಗೆ’, ‘ಗುಡಿಗೆ’ ಎಂದು ತುಂಬಬಹುದು. ಎಲ್ಲವೂ ಮೂರು ಮಾತ್ರೆ, ಓಟ ಕೆಡುವುದಿಲ್ಲ. ಕೆಸರುಗಾಲು ಹೊಲಕ್ಕೆ ಹೋದರೆ ಒಂದರ್ಥ, ಗುಡಿಗೆ ಹೋದರೆ ಇನ್ನೊಂದು. ಎರಡನೇ ಸಾಲನ್ನು ಮುಟ್ಟದೆಯೇ ಅದರ ಬಣ್ಣ ಬದಲಾಯಿತು. ಈಗ ‘ಸಂತೆಗೆ’ ಎಂದು ಹಾಕಿ ನೋಡಿ. ‘ಸಂ’ ಗುರು, ಹಾಗಾಗಿ ನಾಲ್ಕು ಮಾತ್ರೆ, ಸಾಲು ಮುಗ್ಗರಿಸುತ್ತದೆ. ‘ಶಾಲೆಗೆ’, ‘ಬಾವಿಗೆ’ ಕೂಡ ಹಾಗೇ. ಮಾತ್ರೆಯ ಲೆಕ್ಕ ಬಲ್ಲವರು ಈ ಸಲಕರಣೆಯನ್ನು ಬೇರೆಯವರಿಗಿಂತ ಬೇಗ ಪಳಗಿಸುತ್ತಾರೆ. ಸುತ್ತುವ ಪದಗಳ ಪಟ್ಟಿಯನ್ನು ಮೊದಲು ಹಾಳೆಯ ಮೇಲೆ ಮಾಡಿ, ಲಘು ಗುರು ಗುರುತು ಹಾಕಿ, ಆಮೇಲೆ ಕಂಪ್ಯೂಟರಿಗೆ ಹೋಗುವುದು ಒಳ್ಳೆಯದು. ಮುಕ್ತ ಛಂದದಲ್ಲಿ ಬರೆಯುವವರಿಗೂ ಇದು ಬೇಕು, ಏಕೆಂದರೆ ಸುತ್ತುವ ಪದದ ಉದ್ದ ಏರುಪೇರಾದರೆ ಸಾಲಿನ ಬಾಲವೆಲ್ಲ ಪರದೆಯ ಮೇಲೆ ಹಿಂದೆ ಮುಂದೆ ಜಿಗಿಯುತ್ತದೆ, ಮೊಬೈಲಿನಲ್ಲಿ ಕೆಳಗಿನ ಸಾಲಿಗೂ ಬೀಳುತ್ತದೆ.

ಇನ್ನೊಂದು ತೊಡಕು ಕನ್ನಡದ್ದೇ. ಇಂಗ್ಲಿಷಿನ ಕೊಂಡಿ ಕವಿತೆಗಳಲ್ಲಿ ಕರ್ತೃಪದವನ್ನು ಬದಲಿಸಿದರೆ ಭೂತಕಾಲದ ಕ್ರಿಯಾಪದ ಅಲ್ಲಾಡುವುದಿಲ್ಲ. ನಮ್ಮಲ್ಲಿ ‘ಅವ್ವ’ ತೆಗೆದು ‘ಅಪ್ಪ’ ಇಟ್ಟರೆ ‘ಬಂದಳು’ ಹೋಗಿ ‘ಬಂದನು’ ಆಗಬೇಕು, ‘ಮಳೆ’ ಇಟ್ಟರೆ ‘ಬಂತು’. ಇದಕ್ಕೆ ಮೂರು ದಾರಿ ಇವೆ. ಕ್ರಿಯಾಪದವನ್ನೂ ಕೊಂಡಿಯೊಳಗೇ ಸೇರಿಸಿ ಇಡೀ ವಾಕ್ಯಖಂಡವನ್ನೇ ಸುತ್ತಿಸುವುದು ಸುಲಭದ್ದು, ಆದರೆ ಕೊಂಡಿ ಉದ್ದವಾಗಿ ಮೊನಚು ಹೋಗುತ್ತದೆ. ಹಾರ್ಲೋದ ಟೂ-ಬೈಂಡ್ ಎಂಬ ಪದ ಬಳಸಿ ಎರಡು ಸುತ್ತುವ ಕೊಂಡಿಗಳನ್ನು ಒಂದೇ ವೇರಿಯಬಲ್ಲಿಗೆ (ಬೆಲೆಯನ್ನು ನೆನಪಿಡುವ ಹೆಸರಿಗೆ) ಕಟ್ಟಿದರೆ ಎರಡೂ ಒಂದೇ ಬೆಲೆ ಹಿಡಿಯುತ್ತವೆ. ಹೆಸರನ್ನು ಎರಡು ಕಡೆ ತಿರುಗಿಸಲು ಅದು ಸರಿ, ಕ್ರಿಯಾಪದಕ್ಕೆ ಮತ್ತೆ ಷರತ್ತು ಹಾಕುವ ಇಫ್ ಮ್ಯಾಕ್ರೊ ಬೇಕು, ಕೆಲಸ ಜಾಸ್ತಿ. ಮೂರನೆಯದೇ ಕವಿಗೆ ತಕ್ಕದ್ದು: ಲಿಂಗ ವಚನ ಹಿಡಿಯದ ರೂಪ ಬಳಸುವುದು. ‘ಬಂದ ಹೊತ್ತಿಗೆ’, ‘ಬಂದರೆ’, ‘ಬರುವ ಮೊದಲು’ ಎಂದರೆ ಅವ್ವ, ಅಪ್ಪ, ಮಳೆ, ಟಪಾಲು ಯಾವುದನ್ನಾದರೂ ಮುಂದೆ ಇಡಬಹುದು. ಸಾಲು ಅಲ್ಲಿಗೆ ಮುಗಿಯದೆ ತೂಗಾಡುವುದರಿಂದ ಮುಂದಿನ ಕೊಂಡಿಗೂ ಎಡೆ ಸಿಗುತ್ತದೆ.

ಪದದ ಅರ್ಧಕ್ಕೆ ಕೊಂಡಿ ಹಾಕುವ ಆಸೆ ಬಂದೇ ಬರುತ್ತದೆ. [[ಹೊಲ]]ಕೆ ಎಂದರೆ ತೊಂದರೆಯಿಲ್ಲ, ‘ಕೆ’ ಸ್ವತಂತ್ರ ಅಕ್ಷರ. ಆದರೆ ‘ಊರಿಗೆ’ ಎಂಬಲ್ಲಿ ‘ಊರ’ ತನಕ ಕೊಂಡಿ ಹಾಕಿ ಗುಣಿಸನ್ನು ಹೊರಗೆ ಬಿಟ್ಟರೆ, ಆ ಗುಣಿಸು ಆಧಾರವಿಲ್ಲದೆ ಚುಕ್ಕಿ ಚುಕ್ಕಿಯ ವೃತ್ತದ ಮೇಲೆ ಕೂರುತ್ತದೆ. ಒತ್ತಕ್ಷರದ ನಡುವೆ ಕತ್ತರಿಸಿದರೂ ಅಷ್ಟೇ. ಕೊಂಡಿಯ ಅಂಚು ಯಾವಾಗಲೂ ಪೂರ್ಣ ಅಕ್ಷರದ ಮೇಲೇ ಬೀಳಬೇಕು.

ಕೊಂಡಿಯನ್ನು ಮೆನುವಿನಂತೆ ಬಳಸುವುದು ಈ ಪ್ರಕಾರದ ದೊಡ್ಡ ರೋಗ. ‘ಮುಂದೆ ಓದಿ’, ‘ಎಡಕ್ಕೆ ಹೋಗಿ’ ಎಂದು ಬರೆದರೆ ಅದು ಕವಿತೆಯಲ್ಲ, ಟಿಕೆಟ್ ಯಂತ್ರ. ಒತ್ತುವ ಪದ ಕವಿತೆಯ ಒಳಗಿನದೇ ಆಗಿರಬೇಕು, ಒತ್ತಿದ ಮೇಲೆ ಬರುವುದು ಆ ಪದಕ್ಕೆ ಉತ್ತರವೋ ಜಗಳವೋ ಆಗಿರಬೇಕು. ಈ ವಿಷಯದಲ್ಲಿ ನಮ್ಮ ಸೀಮೆಯ ಹಳೆಯ ಪದ್ಧತಿಗಳು ಭಾಳ ಉಪಯೋಗಕ್ಕೆ ಬರುತ್ತವೆ. ಬಾಡದ ಕನಕದಾಸರ ಮುಂಡಿಗೆಗಳಲ್ಲಿ ಮೇಲೊಂದು ಮಾತು, ಒಳಗೊಂದು ಗಂಟು. ಹಾರ್ಲೋದ ಲಿಂಕ್-ರಿವೀಲ್ ಮ್ಯಾಕ್ರೊ ಈ ಗಂಟಿಗೆಂದೇ ಮಾಡಿದಂತಿದೆ: ಪದ ಒತ್ತಿದರೆ ಅದು ಅಲ್ಲೇ ಉಳಿದು, ಪಕ್ಕದಲ್ಲಿ ಮುಚ್ಚಿಟ್ಟ ಸಾಲು ತೆರೆದುಕೊಳ್ಳುತ್ತದೆ. ಆದರೆ ಒತ್ತಿದ ಕೂಡಲೇ ಒಗಟಿನ ಅರ್ಥ ಬಿಚ್ಚಿಟ್ಟರೆ ಪರೀಕ್ಷೆಯ ಗೈಡ್ ಆಗುತ್ತದೆ. ಒಂದು ಗಂಟು ಬಿಚ್ಚಿದಲ್ಲಿ ಇನ್ನೊಂದು ಕಾಣಬೇಕು. ಮೂರನೇ ಒತ್ತಿಗೂ ಅರ್ಥ ಪೂರ್ತಿ ಸಿಗದಿದ್ದರೆ ನಷ್ಟವಿಲ್ಲ.

ಶಿಶುನಾಳ ಶರೀಫರಂಥ ತತ್ವಪದಕಾರರ ಕಟ್ಟು ಇನ್ನೂ ಹೊಂದುತ್ತದೆ. ಪ್ರತಿ ನುಡಿ ಮುಗಿದ ಮೇಲೆ ಪಲ್ಲವಿಗೆ ಮರಳುವುದು ಅಲ್ಲಿನ ರೀತಿ. ಟ್ವೈನಿನಲ್ಲಿ ಪಲ್ಲವಿಯನ್ನು ಒಂದೇ ಪ್ಯಾಸೇಜ್ ಮಾಡಿ, ಎಲ್ಲ ನುಡಿಗಳಿಂದಲೂ ಅಲ್ಲಿಗೆ ಕೊಂಡಿ ಕೊಡಬೇಕು. ಹಾರ್ಲೋದಲ್ಲಿ ವಿಸಿಟ್ಸ್ ಎಂಬ ಪದ ಆ ಪ್ಯಾಸೇಜಿಗೆ ಓದುಗ ಎಷ್ಟನೇ ಸಲ ಬಂದಿದ್ದಾನೆ ಎಂದು ಹೇಳುತ್ತದೆ. ಇಫ್ ಮ್ಯಾಕ್ರೊದೊಳಗೆ ಅದನ್ನು ಬಳಸಿ ಎರಡನೇ ಸಲಕ್ಕೆ ಪಲ್ಲವಿಯ ಒಂದು ಪದ, ಮೂರನೇ ಸಲಕ್ಕೆ ಇನ್ನೊಂದು ಪದ ಬದಲಿಸಿದರೆ, ಓದುಗ ಅದೇ ಪಲ್ಲವಿ ಎಂದುಕೊಂಡು ಬಂದವನು ಗಕ್ಕನೆ ನಿಲ್ಲುತ್ತಾನೆ. ಇಡೀ ಪಲ್ಲವಿ ಬದಲಿಸಬೇಡಿ, ಗುರುತೇ ಸಿಗುವುದಿಲ್ಲ. ಕವಿತೆಯಿಂದ ಹೊರಬೀಳುವ ದಾರಿಯನ್ನೂ ಯೋಚಿಸಬೇಕು, ಸುತ್ತುವ ರಚನೆಗಳಲ್ಲಿ ಓದುಗ ಒಳಗೇ ಸಿಕ್ಕಿಹಾಕಿಕೊಂಡು ಬೇಸತ್ತು ಕಿಟಕಿ ಮುಚ್ಚುತ್ತಾನೆ. ಅಂಕಿತವನ್ನೇ ಹೊರಬಾಗಿಲು ಮಾಡಬಹುದು. ನಾಲ್ಕನೇ ಸಲ ಪಲ್ಲವಿಗೆ ಬಂದಾಗ ಅಂಕಿತವಿರುವ ಸಾಲು ಕಾಣಿಸಿಕೊಂಡು, ಅದನ್ನು ಒತ್ತಿದರೆ ಕೊಂಡಿಯಿಲ್ಲದ ಕೊನೆಯ ಪ್ಯಾಸೇಜ್.

ಇನ್ನು ಲಿಪಿಯ ತಾಪತ್ರಯ. ಟ್ವೈನ್ ಯೂನಿಕೋಡ್ (ಎಲ್ಲ ಸಾಧನಗಳಿಗೂ ಸಾಮಾನ್ಯವಾದ ಅಕ್ಷರಸಂಕೇತ) ಕನ್ನಡವನ್ನು ಪೂರ್ತಿ ಒಪ್ಪುತ್ತದೆ, ಪ್ಯಾಸೇಜಿನ ಹೆಸರೂ ಕನ್ನಡದಲ್ಲಿರಬಹುದು. ಆದರೂ ಈ ಕೆಳಗಿನವು ಕಾಡುತ್ತವೆ, ಕೆಲವಕ್ಕೆ ಕಾರಣ ಹುಡುಕಲು ದಿನವೇ ಹಿಡಿಯುತ್ತದೆ.

ಒಂದೇ ಹೆಸರಿನ ಎರಡು ಚೌಕಗಳು ನಕ್ಷೆಯಲ್ಲಿ ಕಾಣುತ್ತವೆ, ಒಂದರಲ್ಲಿ ಕವಿತೆ ಇದೆ, ಇನ್ನೊಂದು ಖಾಲಿ, ಕೊಂಡಿ ಹೋಗಿ ಬೀಳುವುದು ಖಾಲಿಯದಕ್ಕೆ. ಕಣ್ಣಿಗೆ ಎರಡೂ ಹೆಸರು ಒಂದೇ. ವ್ಯತ್ಯಾಸ ಇರುವುದು ಕಾಣದ ಅಕ್ಷರದಲ್ಲಿ. ‘ಬಸ್’ ಎಂದು ಅರ್ಧಾಕ್ಷರದಲ್ಲಿ ಮುಗಿಯುವ ಪದದ ಕೊನೆಗೆ ಕೆಲವು ಕೀಲಿಮಣೆಗಳು ಅಗಲವಿಲ್ಲದ ಒಂದು ಸಂಕೇತ ಸೇರಿಸುತ್ತವೆ, ಕೆಲವು ಸೇರಿಸುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಒಂದು, ಮೊಬೈಲಿನಿಂದ ಕಳಿಸಿಕೊಂಡು ಅಂಟಿಸಿದ್ದು ಇನ್ನೊಂದು ಎಂದಾದರೆ ಕೂಡುವುದಿಲ್ಲ. ಓಕಾರ, ಈಕಾರದಂಥ ಗುಣಿಸುಗಳಲ್ಲೂ ಹೀಗೇ: ‘ೋ’ ಎಂಬುದನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಇಡಬಹುದು, ಮೂರು ತುಂಡಾಗಿಯೂ ಇಡಬಹುದು. ಪರದೆಯ ಮೇಲೆ ಒಂದೇ ರೂಪ, ಟ್ವೈನಿಗೆ ಬೇರೆ ಬೇರೆ. ಉಪಾಯ ಸರಳ: ಪ್ಯಾಸೇಜುಗಳಿಗೆ ‘ಅ1’, ‘ಅ2’, ‘ಬ1’ ಎಂದು ಗಿಡ್ಡ ಹೆಸರಿಡಿ, ಓದುಗನಿಗೆ ಕಾಣುವ ಪದವನ್ನು ಬಾಣದ ಎಡಕ್ಕೆ ಮಾತ್ರ ಬರೆಯಿರಿ. ವೇರಿಯಬಲ್ಲುಗಳ ಹೆಸರು ಮಾತ್ರ ಇಂಗ್ಲಿಷ್ ಅಕ್ಷರದಲ್ಲೇ ಇರಲಿ, ಕನ್ನಡ ಹೆಸರು ಅಲ್ಲಿ ನಡೆಯುವುದಿಲ್ಲ. ಲೆಕ್ಕ ಮಾಡುವ ಜಾಗದಲ್ಲಿ ಕನ್ನಡ ಅಂಕಿಯೂ ನಡೆಯುವುದಿಲ್ಲ.

ಪಲ್ಲವಿಯ ಗುರುತಿಗೆ ಎರಡು ಓರೆಗೆರೆ ಹಾಕುವವರು ಬಹಳ ಜನ, //ಪ// ಎಂದು. ಹಾರ್ಲೋ, ಶುಗರ್‌ಕ್ಯೂಬ್ ಎರಡರಲ್ಲೂ ಆ ಗುರುತಿಗೆ ಓರೆ ಅಕ್ಷರ ಎಂದರ್ಥ. ಗೆರೆಗಳು ಮಾಯವಾಗಿ ‘ಪ’ ಒಂದೇ ವಾಲಿಕೊಂಡು ನಿಲ್ಲುತ್ತದೆ. ಒಂದು ಕಡೆ ಹಾಕಿ ಇನ್ನೊಂದು ಕಡೆ ಮರೆತರೆ ಏನು ವಾಲುತ್ತದೋ ಹೇಳಬರುವುದಿಲ್ಲ. ನಿಜವಾದ ॥ ಚಿಹ್ನೆಯನ್ನೇ ಬಳಸಿ. ಕನ್ನಡ ಫಾಂಟುಗಳಲ್ಲಿ ನಿಜವಾದ ಓರೆ ರೂಪ ಬಹುತೇಕ ಇರುವುದಿಲ್ಲ, ಬ್ರೌಸರ್ ಇದ್ದದ್ದನ್ನೇ ಬಗ್ಗಿಸಿ ತೋರಿಸುತ್ತದೆ. ಆ ಸೊಟ್ಟ ಒತ್ತುಗಳನ್ನು ನೋಡಲಾಗದು.

ಹಳೆಯ ಸಂಕಲನದ ಕವಿತೆ ತರುವವರಿಗೆ ಬೇರೆ ಗೋಳು. ಗದಗ ಮುದ್ರಣಕ್ಕೆ ಹೆಸರಾದ ಊರು, ಹುಬ್ಬಳ್ಳಿಯಲ್ಲೂ ಡಿಟಿಪಿ ಅಂಗಡಿಗಳಿಗೆ ಬರವಿಲ್ಲ. ಆದರೆ ಪುಸ್ತಕಕ್ಕೆಂದು ಅಕ್ಷರ ಜೋಡಿಸಿದ ಕಡತಗಳು ಬಹಳಷ್ಟು ಸಲ ನುಡಿ, ಬರಹ ಎಂಬ ತಂತ್ರಾಂಶಗಳ ಯೂನಿಕೋಡಲ್ಲದ ಹಳೆಯ ಆಸ್ಕಿ ಫಾಂಟಿನಲ್ಲಿರುತ್ತವೆ. ಟ್ವೈನಿಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಸ ಸುರಿಯುತ್ತದೆ. ಪರಿವರ್ತಕಕ್ಕೆ ಹಾಕಿ ಯೂನಿಕೋಡ್ ಮಾಡಿಕೊಂಡೇ ತರಬೇಕು, ತಂದ ಮೇಲೆ ಅರ್ಕಾವತ್ತುಗಳನ್ನು ಒಂದೊಂದಾಗಿ ನೋಡಬೇಕು. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂರುತ್ತದೆ, ಯೂನಿಕೋಡಿನಲ್ಲಿ ‘ರ’ ಮೊದಲು ಬರುತ್ತದೆ, ಜಾರುವುದು ಅಲ್ಲೇ.

ಅಕ್ಷರ ಅಕ್ಷರವಾಗಿ ಮೂಡುವ ಟೈಪ್‌ರೈಟರ್ ಪರಿಣಾಮ ಇಂಗ್ಲಿಷ್ ಕವಿತೆಗಳಲ್ಲಿ ಚೆಂದ, ಕನ್ನಡದಲ್ಲಿ ಬೇಡ. ತಂತ್ರಾಂಶ ಎಣಿಸುವುದು ಯೂನಿಕೋಡ್ ಸಂಕೇತಗಳನ್ನು, ನಾವು ಓದುವ ಅಕ್ಷರಗಳನ್ನಲ್ಲ. ‘ಸ್ತ್ರೀ’ ನಮಗೆ ಒಂದಕ್ಷರ, ಅದಕ್ಕೆ ಆರು. ಸ, ಸ್, ಸ್ತ, ಸ್ತ್, ಸ್ತ್ರ, ಸ್ತ್ರೀ ಎಂದು ಆರು ವೇಷ ಹಾಕಿ ಕೊನೆಗೆ ತನ್ನ ರೂಪಕ್ಕೆ ಬರುತ್ತದೆ. ಪದ ಪದವಾಗಿ ಅಥವಾ ಸಾಲು ಸಾಲಾಗಿ ಮೂಡಿಸಿ. ಟ್ರಾನ್ಸಿಷನ್ ಮ್ಯಾಕ್ರೊದಲ್ಲಿ ಡಿಸಾಲ್ವ್ ಆರಿಸಿದರೆ ಸಾಕು, ಉಳಿದ ಕಸರತ್ತುಗಳು ಗೋಷ್ಠಿಗೆ ಬಂದು ಕೂತವರ ಕಣ್ಣು ನೋಯಿಸುತ್ತವೆ.

ನೋಟದ ವಿಷಯಕ್ಕೆ ಬಂದರೆ ಹಾರ್ಲೋ ತಾನಾಗಿ ಕೊಡುವ ಕಪ್ಪು ಹಿನ್ನೆಲೆ, ಬಿಳಿ ಅಕ್ಷರ, ದಪ್ಪ ನೀಲಿ ಕೊಂಡಿ ಯಾವ ಕವಿತೆಗೂ ಒಪ್ಪುವುದಿಲ್ಲ. ಸ್ಟೋರಿ ಮೆನುವಿನಲ್ಲಿ ಬಣ್ಣ, ಅಳತೆ ಹೇಳುವ ಸ್ಟೈಲ್‌ಶೀಟ್ ತೆರೆದು ನಾಲ್ಕು ಬದಲಾವಣೆ ಮಾಡಿಕೊಳ್ಳಿ. ಹಿನ್ನೆಲೆ ತಿಳಿ, ಅಕ್ಷರ ಗಾಢ. ಲೈನ್-ಹೈಟ್ (ಸಾಲಿನ ಎತ್ತರ) 1.8ರಿಂದ 2ರ ನಡುವೆ, ಇಂಗ್ಲಿಷಿಗೆ 1.5 ಸಾಕಾದರೂ ಕನ್ನಡದಲ್ಲಿ ಒತ್ತು ಕೆಳಗಿಳಿದು ಮುಂದಿನ ಸಾಲಿನ ಗುಣಿಸಿಗೆ ತಾಗುತ್ತದೆ. ಕೊಂಡಿಯ ದಪ್ಪ ತೆಗೆದು ಸಣ್ಣ ಅಡಿಗೆರೆ ಹಾಕಿ, ಆ ಗೆರೆಯನ್ನು ಒತ್ತಿನ ಕೆಳಗೆ ಸರಿಸಿ. ಟಿಡಬ್ಲ್ಯು-ಸೈಡ್‌ಬಾರ್ ಎಂಬುದಕ್ಕೆ ಡಿಸ್‌ಪ್ಲೇ ನನ್ ಎಂದು ಕೊಟ್ಟರೆ ಎಡಗಡೆಯ ಹಿಂದೆ ಮುಂದೆ ಬಾಣಗಳು ಹೋಗುತ್ತವೆ. ಹಿಂದಕ್ಕೆ ಹೋಗಲು ಬಿಡಬೇಕೇ ಬೇಡವೇ ಎಂಬುದು ಕವಿತೆಯ ಪ್ರಶ್ನೆ. ಆರಿಸಿದ ದಾರಿಯ ಭಾರ ಓದುಗನ ಮೇಲೆ ಉಳಿಯಬೇಕಾದ ಕವಿತೆಯಲ್ಲಿ ಬಾಣ ಇರಬಾರದು.

ಫಾಂಟನ್ನು ಹೆಸರು ಹೇಳಿ ಬಿಟ್ಟರೆ ಅದು ಇಲ್ಲದ ಸಾಧನದಲ್ಲಿ ಬೇರೆ ಬರುತ್ತದೆ: ವಿಂಡೋಸಿನಲ್ಲಿ ನಿರ್ಮಲಾ, ಆಂಡ್ರಾಯ್ಡಿನಲ್ಲಿ ನೋಟೊ ಸಾನ್ಸ್. ಗೂಗಲ್ ಫಾಂಟ್ಸ್‌ನಿಂದ ಕರೆಸಿದರೆ ನೆಟ್ ಬೇಕು, ಧಾರವಾಡದ ವಿದ್ಯಾವರ್ಧಕ ಸಂಘದಂಥ ಸಭಾಂಗಣದಲ್ಲಿ ಪ್ರೊಜೆಕ್ಟರ್ ಹಚ್ಚಿದಾಗ ಮೊಬೈಲ್ ಸಿಗ್ನಲ್ ನಂಬಿ ನಿಲ್ಲಲಾಗದು. ಫಾಂಟ್ ಕಡತವನ್ನೇ ಬೇಸ್64 ಎಂಬ ಬರೀ ಅಕ್ಷರಗಳ ರೂಪಕ್ಕೆ ತಿರುಗಿಸಿ ಸ್ಟೈಲ್‌ಶೀಟಿನಲ್ಲಿ ಹುದುಗಿಸಬಹುದು. ಗಾತ್ರ ಮೂಲಕ್ಕಿಂತ ಮೂರನೇ ಒಂದು ಪಾಲು ಹೆಚ್ಚುತ್ತದೆ, ಅದು ಹೊರೆಯಲ್ಲ. ಗೋಷ್ಠಿಗೆ ಇದು ಒಳ್ಳೆಯ ಸಾಧನ, ಯಾವ ಪದ ಒತ್ತಬೇಕೆಂದು ಸಭೆಯೇ ಕೂಗಿ ಹೇಳಬಹುದು. ಹಿಂದಿನ ಸಾಲಿನವರಿಗೂ ಕಾಣುವಂತೆ ಒಂದು ಪ್ಯಾಸೇಜಿಗೆ ನಾಲ್ಕೇ ಸಾಲು, ಕೊಂಡಿ ಮೂರಕ್ಕಿಂತ ಹೆಚ್ಚು ಬೇಡ.

ಪರದೆ ನೋಡಲು ಒಲ್ಲದ ಹಿರಿಯರಿಂದ ತಿದ್ದಿಸಬೇಕಾದಾಗ ಬಿಲ್ಡ್ ಮೆನುವಿನ ಪ್ರೂಫ್ ನೆರವಿಗೆ ಬರುತ್ತದೆ. ಎಲ್ಲ ಪ್ಯಾಸೇಜುಗಳೂ ಹೆಸರಿನೊಂದಿಗೆ ಒಂದರ ಕೆಳಗೊಂದು ಬರುತ್ತವೆ, ಮುದ್ರಿಸಿ ಕೈಗೆ ಕೊಡಬಹುದು. ಕೊಂಡಿಯ ಆವರಣಗಳೂ ಅಚ್ಚಾಗುವುದರಿಂದ ಮೊದಲೇ ಹೇಳಿ ಕೊಡಬೇಕು, ಇಲ್ಲವಾದರೆ ಅವುಗಳನ್ನೇ ಮುದ್ರಣ ದೋಷವೆಂದು ಕೆಂಪು ಶಾಯಿಯಲ್ಲಿ ಹೊಡೆದುಹಾಕುತ್ತಾರೆ.

ಬೇರೆ ಸಲಕರಣೆಗಳ ಜೊತೆ ಇಟ್ಟು ನೋಡಿದರೆ, ಪವರ್‌ಪಾಯಿಂಟಿನಲ್ಲಿ ಸ್ಲೈಡಿಗೆ ಸ್ಲೈಡು ಕೊಂಡಿ ಹಾಕಿಯೂ ಇಂಥ ಕವಿತೆ ಮಾಡಬಹುದು, ಶಾಲೆಯ ಮಕ್ಕಳಿಗೆ ಕಲಿಸಲು ಅದೇ ಹತ್ತಿರದ ದಾರಿ. ಆದರೆ ಎಷ್ಟನೇ ಸಲ ಬಂದಿರಿ ಎಂಬ ನೆನಪು ಅದಕ್ಕಿಲ್ಲ. ಇಂಕ್ ಎಂಬ ಇನ್ನೊಂದು ಮುಕ್ತ ಸಲಕರಣೆ ಪ್ರೋಗ್ರಾಮಿಂಗ್ ಬಲ್ಲವರಿಗೆ ಹಿತ, ನಕ್ಷೆ ಕಾಣುವುದಿಲ್ಲ. ನೋಟ್‌ಪ್ಯಾಡಿನಲ್ಲಿ ಬರೀ ಎಚ್‌ಟಿಎಂಎಲ್ ಬರೆಯಬಲ್ಲವರಿಗೆ ಟ್ವೈನ್ ಬೇಕೆಂದೇನಿಲ್ಲ, ಆದರೂ ಹತ್ತು ಪ್ಯಾಸೇಜ್ ದಾಟಿದ ಮೇಲೆ ಬಾಣಗಳ ನಕ್ಷೆ ಬೇಕೆನಿಸುತ್ತದೆ. ಮೊಬೈಲಿನಲ್ಲೇ ಎಲ್ಲ ಬರೆಯುವವರಿಗೆ ಟ್ವೈನ್ ತಕ್ಕದ್ದಲ್ಲ; ತೆರೆಯುತ್ತದೆ, ಬೆರಳಿನಲ್ಲಿ ಚೌಕ ಎಳೆದಾಡುವುದು ಹಿಂಸೆ. ಐದಕ್ಕೆ ನಾಲ್ಕು ಅಂಕ ಕೊಡಬಹುದು. ಕಳೆದ ಒಂದು ಅಂಕ ಬ್ರೌಸರಿನೊಳಗೆ ಕವಿತೆ ಇಡುವ ಪದ್ಧತಿಗೆ.

ಹಂಚುವಾಗ ಆಗುವ ಎಡವಟ್ಟು ಒಂದೇ ನಮೂನೆಯದು. ಕಡತವನ್ನು ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸುತ್ತೀರಿ, ಎದುರಿನವರು ‘ಖಾಲಿ ಬಂದದ’ ಎನ್ನುತ್ತಾರೆ. ಕೆಲವು ಆಂಡ್ರಾಯ್ಡ್ ಫೋನುಗಳು ಅದನ್ನು ಎಚ್‌ಟಿಎಂಎಲ್ ವ್ಯೂಯರ್ ಎಂಬುದರಲ್ಲಿ ತೆರೆಯುತ್ತವೆ. ಅಲ್ಲಿ ಜಾವಾಸ್ಕ್ರಿಪ್ಟ್ ನಡೆಯುವುದಿಲ್ಲ, ಟ್ವೈನ್ ಕವಿತೆ ಪೂರ್ತಿ ಅದರ ಮೇಲೇ ನಿಂತಿದೆ. ಓಪನ್ ವಿತ್ ಒತ್ತಿ ಕ್ರೋಮ್ ಆರಿಸಲು ಹೇಳಬೇಕು. ಐಫೋನಿನ ಪ್ರಿವ್ಯೂನಲ್ಲೂ ಇದೇ ಕಥೆ. ಪ್ರತಿಯೊಬ್ಬರಿಗೂ ಇದನ್ನು ವಿವರಿಸುವುದಕ್ಕಿಂತ ಕಡತವನ್ನು ನೆಟ್‌ಗೆ ಏರಿಸಿ ವಿಳಾಸ ಕಳಿಸುವುದು ಮೇಲು. ಆಟಗಳನ್ನು ಹಂಚುವ ಇಚ್ ಡಾಟ್ ಐಒ ತಾಣದಲ್ಲಿ ಇದಕ್ಕೆ ದುಡ್ಡಿಲ್ಲ. ಹೊಸ ಪ್ರಾಜೆಕ್ಟ್ ಮಾಡುವಾಗ ಬಗೆ ಎಚ್‌ಟಿಎಂಎಲ್ ಎಂದು ಆರಿಸಿ, ಕಡತಕ್ಕೆ ಇಂಡೆಕ್ಸ್ ಎಂದು ಹೆಸರಿಟ್ಟು ಏರಿಸಿ, ಬ್ರೌಸರಿನಲ್ಲೇ ತೆರೆಯಲಿ ಎಂಬ ಟಿಕ್ ಹಾಕಿ, ಮೊಬೈಲಿಗೆ ಹೊಂದುತ್ತದೆ ಎಂಬ ಇನ್ನೊಂದು ಟಿಕ್ಕನ್ನೂ ಮರೆಯದೆ ಹಾಕಬೇಕು. ಎರಡನೆಯದು ಬಿಟ್ಟುಹೋದರೆ ಫೋನಿನಲ್ಲಿ ಓದುವವರಿಗೆ ಸರಿಯಾಗಿ ತೆರೆಯುವುದಿಲ್ಲ. ಪುಟ ಮೊದಲಿಗೆ ಡ್ರಾಫ್ಟ್ ಆಗಿಯೇ ಇರುತ್ತದೆ, ಕೆಳಗೆ ಪಬ್ಲಿಕ್ ಎಂದು ಬದಲಿಸಿದ ಮೇಲೆಯೇ ಬೇರೆಯವರಿಗೆ ಕಾಣುವುದು.